ಒಂದೇ ಮಾತಿಗೆ ತಂದ ಪಾತ್ರೆ

ಕಂಬಂನಲ್ಲಿ ದೈವಾನೈಯ ಮನೆ ಹುಡುಕುವವರಿಗೆ ಬಾಗಿಲ ನಂಬರು ಬೇಕಾಗಿಲ್ಲ. ಬೆಳಗಿನ ಕೆಲಸ ಮುಗಿಯುವ ಹೊತ್ತಿಗೆ ಆ ಬೀದಿಗೆ ಬಂದರೆ ಏಲಕ್ಕಿ ಹಾಕಿ ಕುದಿಸಿದ ಕರಿ ಕಾಫಿಯ ವಾಸನೆಯೇ ಕೈಹಿಡಿದು ಕರೆದೊಯ್ಯುತ್ತದೆ. ಹಾಲಿಲ್ಲ, ಸೋಸುವುದಿಲ್ಲ, ಲೋಟದ ತಳದಲ್ಲಿ ಗಸಿ ನಿಂತಿರುತ್ತದೆ. ಬೀದಿಯ ಹೆಂಗಸರು ಮೊದಮೊದಲು ಇದೇನು ಬಾಣಂತಿ ಕಷಾಯವಾ ಎಂದು ಮುಖ ಕಿವಿಚಿದ್ದರು. ಈಗ ಒಂದು ದಿನ ತಪ್ಪಿದರೆ ತಲೆ ಸಿಡಿಯುತ್ತದೆ ಎನ್ನುತ್ತಾರೆ. ಆಸೆ ನೋಡಿ!

ದೈವಾನೈ ಎಂಟು ವರ್ಷ ಲೆಬನಾನಿನಲ್ಲಿ ಮನೆಗೆಲಸಕ್ಕಿದ್ದವಳು. ಗಂಡ ತೀರಿಹೋದ ಮೇಲೆ ಏಜೆಂಟನೊಬ್ಬನನ್ನು ನಂಬಿ ವಿಮಾನ ಹತ್ತಿದಳು. ಸಿಕ್ಕಿದ್ದು ಝಹ್ಲೆ ಎಂಬ ಊರು. ಕಂಬಂನ ಹಾಗೆ ಅದೂ ಬೆಟ್ಟಗಳ ನಡುವಿನ ಕಣಿವೆ, ಇಲ್ಲಿಯಂತೆ ಅಲ್ಲೂ ದ್ರಾಕ್ಷಿ. ಅಲ್ಲಿಯ ದುಡ್ಡಿಗೆ ಬೆಲೆಯೇ ಇಲ್ಲವಾದ ವರ್ಷ ಊರಿಗೆ ಮರಳಿ, ತಮ್ಮ ಚಿನ್ನಸಾಮಿಯ ಮನೆ ಸೇರಿದಳು. ಚಿನ್ನಸಾಮಿಯ ಹೆಂಡತಿ ಕಾಮಾಕ್ಷಿಯಮ್ಮಾಳ್ ಒಳ್ಳೆಯ ಹೆಂಗಸು, ಆದರೆ ಬಾಯಿಗೆ ಬೀಗ ಇಲ್ಲ. ಲೆಬನಾನಿನ ಕಥೆ ಕೇಳಲು ಬೀದಿಯನ್ನೆಲ್ಲ ಒಟ್ಟು ಮಾಡಿದವಳು ಅವಳೇ.

ಕಥೆಗೆ ಬರವೇ? ಅಲ್ಲಿ ಬಂದವರಿಗೆ ಊಟ ಬಡಿಸಿದರೆ ಅವರು ಬೇಡ ಎನ್ನಬೇಕು. ಮನೆಯವರು ಬಿಡಬಾರದು. ಮತ್ತೆ ಬೇಡ, ಮತ್ತೆ ಒತ್ತಾಯ. ಮೂರನೆಯ ಸಲಕ್ಕೆ ಅಯ್ಯೋ ನಿಮಗೋಸ್ಕರ ಎಂದುಕೊಂಡು ತಟ್ಟೆ ಹಿಡಿಯುವುದು ಮರ್ಯಾದೆ. ಒಂದೇ ಸಲ ಕರೆದು ಸುಮ್ಮನಾದ ಮನೆಯನ್ನು ಊರೆಲ್ಲ ಆಡಿಕೊಳ್ಳುತ್ತದೆ. ನಿಜವಾಗಿಯೂ ಬೇಡವಾದರೆ ಬಲಗೈಯನ್ನು ಎದೆಯ ಮೇಲಿಟ್ಟು ತಲೆ ಬಾಗಿಸಬೇಕು. ಕಾಫಿ ಕುಡಿದು ಲೋಟ ಇಡುವಾಗ "ದಾಯ್ಮೆ" ಎನ್ನಬೇಕು, ಈ ಮನೆಯಲ್ಲಿ ಇದು ಯಾವಾಗಲೂ ಇರಲಿ ಎಂದು. ಸಾವಿನ ಮನೆಯಲ್ಲಿ ಮಾತ್ರ ಸಕ್ಕರೆಯಿಲ್ಲದ ಕಾಫಿ, ಆ ಮಾತೂ ಇಲ್ಲ. ಇದನ್ನೆಲ್ಲ ಕೇಳಿ ಕೇಳಿ ಕಂಬಂನ ಹೆಂಗಸರೂ ಲೋಟ ಇಡುವಾಗ "ದಾಯ್ಮೆ" ಎಂದು ನಗುತ್ತಿದ್ದರು.

ಒಂದೇ ಒಂದು ಪದ್ಧತಿಯನ್ನು ಮಾತ್ರ ದೈವಾನೈ ಯಾರಿಗೂ ಹೇಳಿರಲಿಲ್ಲ. ಆ ದೇಶದಲ್ಲಿ ನೀವು ಯಾರದಾದರೂ ವಸ್ತುವನ್ನು ಚೆನ್ನಾಗಿದೆ ಎಂದರೆ, ಅವರು ತಕ್ಷಣ "ತಗೋ, ಇದು ನಿನ್ನದೇ" ಎನ್ನುತ್ತಾರೆ. ಕೊರಳ ಸರವಿರಲಿ, ಗೋಡೆಯ ಗಡಿಯಾರವಿರಲಿ. ಅದು ಬರೀ ಬಾಯುಪಚಾರ. ಬಂದವರು ಎದೆಯ ಮೇಲೆ ಕೈಯಿಟ್ಟು, ನಿನ್ನ ಬಳಿಯೇ ಚೆಂದ ಎಂದು ತಿರುಗಿಸಿಬಿಡಬೇಕು. ಅಲ್ಲಿ ಮಕ್ಕಳಿಗೂ ಗೊತ್ತು. ಎಂಟು ವರ್ಷ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತವಳಿಗೆ ಗೊತ್ತಿರಲಿಲ್ಲವೇ?

ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಆ ಮನೆಯೊಡತಿ ನಜ್ಲಾಳ ಬಳಿ ಒಂದು ರಕ್ವೆ ಇತ್ತು, ಉದ್ದ ಹಿಡಿಯ ತಾಮ್ರದ ಕಾಫಿ ಪಾತ್ರೆ. ಅವಳ ಅಜ್ಜಿಯದು. ಬಂದವರೆಲ್ಲ ಹೊಗಳುವರು, ನಜ್ಲಾ ಎಲ್ಲರಿಗೂ "ನಿನ್ನದೇ" ಎನ್ನುವಳು, ಎಲ್ಲರೂ ಎದೆಮುಟ್ಟಿ ಬೇಡ ಎನ್ನುವರು. ಅದರಲ್ಲಿ ದಿನಾ ಕಾಫಿ ಕಾಯಿಸಿದವಳು ದೈವಾನೈ. ಕೂತ್ಕೋ, ನೀನೂ ಒಂದು ಲೋಟ ಕುಡಿ ಎಂದು ನಜ್ಲಾ ಒಂದು ದಿನವೂ ಅನ್ನಲಿಲ್ಲ. ಕೆಟ್ಟವಳಲ್ಲ, ಬೈದವಳಲ್ಲ. ಆದರೆ ಅನ್ನಲಿಲ್ಲ.

ಹೊರಡುವ ದಿನ ಏನಾಯಿತೋ, ನಜ್ಲಾ ತಾನೇ ಕಾಫಿ ಕಾಯಿಸಿ, ನೆಂಟರ ಕುರ್ಚಿಯಲ್ಲಿ ದೈವಾನೈಯನ್ನು ಕೂರಿಸಿ, ತನ್ನ ಕೈಯಾರೆ ಬಗ್ಗಿಸಿ ಕೊಟ್ಟಳು. ಅದುವರೆಗೂ ಕಾದಿದ್ದ ಮರ್ಯಾದೆ ಕೈಗೆ ಬಂದಿತ್ತು. ಆಗ ದೈವಾನೈ ರಕ್ವೆಯನ್ನು ದಿಟ್ಟಿಸಿ, ಎಷ್ಟು ಚೆನ್ನಾಗಿದೆ ಎಂದಳು. ಬೇಕೆಂದೇ ಅಂದಳು. ನೆಂಟರಿಗೆ ಹೇಳುವ ಮಾತನ್ನು ತನಗೂ ಹೇಳುತ್ತಾಳೋ ಇಲ್ಲವೋ ನೋಡೋಣ ಎಂಬ ಹಟ. ನಜ್ಲಾ ನಗುತ್ತಾ "ನಿನ್ನದೇ, ತಗೋ" ಎಂದಳು. ದೈವಾನೈ ಏನೂ ತಿಳಿಯದ ಹಳ್ಳಿ ಹೆಂಗಸಿನ ಮುಖ ಮಾಡಿ, ಎರಡು ಕೈಯಲ್ಲೂ ಎತ್ತಿಕೊಂಡು ಕಣ್ಣಿಗೊತ್ತಿ ಸೀರೆಯ ಮಡಿಕೆಯೊಳಗೆ ಸುತ್ತಿಟ್ಟುಬಿಟ್ಟಳು. ನಜ್ಲಾಳ ನಗು ಮುಖದ ಮೇಲೆಯೇ ನಿಂತುಹೋಯಿತು. ಕೊಟ್ಟ ಮಾತನ್ನು ಹಿಂದೆ ತೆಗೆದುಕೊಳ್ಳುವುದು ಆ ನಾಡಿನ ಮರ್ಯಾದೆಯಲ್ಲ. ಅದೂ ದೈವಾನೈಗೆ ಗೊತ್ತಿತ್ತು.

ಕಂಬಂನಲ್ಲಿ ಎಲ್ಲರಿಗೂ ಅದು "ಮದಾಂ ಪ್ರೀತಿಯಿಂದ ಕೊಟ್ಟದ್ದು". ಹೊಗಳಿದಾಗಲೆಲ್ಲ ದೈವಾನೈಯ ಎದೆ ಚುಳ್ಳೆನ್ನುತ್ತಿತ್ತು. ನಜ್ಲಾಳಿಗೆ ಫೋನ್ ಮಾಡಿ ನಿಜ ಹೇಳಿಬಿಡಬೇಕು ಎಂದು ಎಷ್ಟೋ ಸಲ ನಂಬರು ಒತ್ತಿ, ಮೊದಲ ಗಂಟೆಗೇ ಕತ್ತರಿಸಿದಳು. ಕಳೆದ ಚಳಿಗಾಲದಲ್ಲಿ ನಜ್ಲಾ ತೀರಿಹೋದ ಸುದ್ದಿ ಅವಳ ಮಗಳು ರಂದಾಳಿಂದ ಬಂತು. ಈಗ ಅದೇ ರಂದಾ ಗಂಡನ ಜೊತೆ ತೇಕ್ಕಡಿಗೆ ಬಂದಿದ್ದಾಳಂತೆ, ನಾಳೆ ಒಬ್ಬಳೇ ಕುಮಳಿ ಘಾಟಿ ಇಳಿದು ನೋಡಲು ಬರುತ್ತಾಳಂತೆ! ಮೊಬೈಲಿಗೆ ಬಂದ ಆ ಸಂದೇಶ ಓದಿದ್ದೇ ತಡ, ದೈವಾನೈ ರಕ್ವೆಯನ್ನು ಅಕ್ಕಿ ಡ್ರಮ್ಮಿನೊಳಗೆ ಹೂತಿಟ್ಟಳು.

ತಮ್ಮನ ತೋಟದಿಂದ ಮದ್ದು ಹೊಡೆಯದ ಎಳೆಯ ದ್ರಾಕ್ಷಿ ಎಲೆ ತರಿಸಿ, ಲೆಬನಾನಿನ ರೀತಿಯಲ್ಲಿ ಅಕ್ಕಿ ತುಂಬಿ ಸುತ್ತಿ ಬೇಯಿಸಿದಳು.

"ಎಲೆ ತಿಂಬೋಕೆ ಅವರೇನು ಆಡಾ ಅಕ್ಕಾ?" ಎಂದು ಚಿನ್ನಸಾಮಿ ನಕ್ಕು ತೋಟಕ್ಕೆ ಹೋದ.

ರಂದಾ ಬಂದಳು, ಕೈಯಲ್ಲಿ ಸಿಹಿ ಡಬ್ಬಿ. ದೈವಾನೈಯ ಎರಡೂ ಕೆನ್ನೆಗೆ ಮುತ್ತಿಟ್ಟು ಮೂರನೆಯದಕ್ಕೆ ಮತ್ತೆ ಮೊದಲ ಕೆನ್ನೆಗೆ ಬಂದಾಗ ಕಾಮಾಕ್ಷಿಯಮ್ಮಾಳ್ ನಾಚಿ ಸೆರಗು ಕಚ್ಚಿದಳು. ರಂದಾ ಊಟ ಬೇಡ ಎಂದಳು, ದೈವಾನೈ ಬಿಡಲಿಲ್ಲ. ಮೂರನೆಯ ಸಲಕ್ಕೆ ಕೂತು ಎಲೆಸುರುಳಿ ಬಾಯಿಗಿಟ್ಟವಳು, "ಅಮ್ಮನ ಕೈರುಚಿ" ಎಂದು ಕಣ್ಣು ಒರೆಸಿಕೊಂಡಳು. ದೈವಾನೈ ಸ್ಟೀಲ್ ಪಾತ್ರೆಯಲ್ಲಿ ಕಾಫಿಗೆ ನೀರಿಟ್ಟಳು. ಅಷ್ಟರಲ್ಲಿ ಕಾಮಾಕ್ಷಿಯಮ್ಮಾಳಿಗೆ ನೆನಪಾಗಬೇಕೇ!

"ಅಕ್ಕಾ, ಆ ತಾಮ್ರದ ಪಾತ್ರಂ ಏನಕ್ಕೆ ತೆಗೀಲಿಲ್ಲ? ಅವರಮ್ಮ ಕೊಟ್ಟದ್ದಲ್ಲಾ, ಅದರಲ್ಲೇ ಕಾಯ್ಸು. ಆ ಮಗೂಗೆ ಸಂತೋಷ ಆಗ್ಲಿ."

"ಸುಮ್ಕಿರು ಕಾಮಾಕ್ಷಿ."

"ಏನಕ್ಕೆ ಸುಮ್ಕಿರೋದು? ಬೆಳಗ್ಗೆ ಅಕ್ಕಿ ಅಳೆಯುವಾಗ ಕೈಗೆ ಸಿಕ್ತು. ಇಲ್ಲಿ ಏನಕ್ಕೆ ಬಂತು ಅಂತ ನಾನೇ ತೊಳೆದು ಮಡಗಿದೀನಿ" ಎಂದವಳು ಒಳಗೆ ಹೋಗಿ ರಕ್ವೆಯನ್ನು ತಂದು ರಂದಾಳ ಮುಂದೆಯೇ ಇಟ್ಟಳು.

ರಂದಾ ಅದರ ಹಿಡಿಯನ್ನು ಸವರಿ ನಕ್ಕಳು. ದೈವಾನೈ ಅದರಲ್ಲೇ ಕಾಫಿ ಕಾಯಿಸಿ ಬಗ್ಗಿಸಿದಳು. ಲೋಟ ಕೈಗೆತ್ತಿಕೊಂಡು ರಂದಾ ತನ್ನ ಭಾಷೆಯಲ್ಲಿ ಹೇಳತೊಡಗಿದಳು, ಕಾಮಾಕ್ಷಿಯಮ್ಮಾಳಿಗೆ ಅರ್ಥವಾಗದ ಭಾಷೆಯಲ್ಲಿ.

"ಅಮ್ಮ ಕೊನೆಯವರೆಗೂ ಇದರ ಮಾತು ಆಡ್ತಿದ್ದಳು. 'ಪಾಪ, ದೈವಾನೈಗೆ ನಮ್ಮ ರೀತಿ ಗೊತ್ತಿರಲಿಲ್ಲ. ಗೊತ್ತಾಗೋದಾದರೂ ಹೇಗೆ? ಎಂಟು ವರ್ಷ ಬಾಗಿಲಲ್ಲೇ ನಿಲ್ಲಿಸಿದೆ. ಮೊದಲೇ ಒಂದು ದಿನ ನೆಂಟರ ಹಾಗೆ ಕೂರಿಸಿದ್ದರೆ ಕಲಿತಿರೋಳು. ಅಜ್ಜಿಯ ರಕ್ವೆ ಹೋದದ್ದು ನನಗೆ ತಕ್ಕ ಶಿಕ್ಷೆ' ಅಂತ. ಆಮೇಲೆ ಬಂದ ಕೆಲಸದವಳನ್ನು ದಿನಾ ಪಕ್ಕದಲ್ಲೇ ಕೂರಿಸಿಕೊಂಡು ಕಾಫಿ ಕುಡಿದಳು. ಅಮ್ಮ ಹೋದಾಗ ಸಾವಿನ ಕಾಫಿಯನ್ನು ಪಕ್ಕದ ಮನೆಯ ಪಾತ್ರೆಯಲ್ಲಿ ಕಾಯಿಸಿದೆವು. ಬೇಜಾರು ಮಾಡಿಕೋಬೇಡ, ತಪ್ಪು ಅಮ್ಮನದೇ."

ಸುಮ್ಮನಿದ್ದುಬಿಟ್ಟರೆ ಮುಗಿಯುತ್ತಿತ್ತು. ಒಳ್ಳೆಯ ಹೆಸರಿಗೆ ಕುಂದಿಲ್ಲ, ಪಾತ್ರೆಗೂ ಮೋಸವಿಲ್ಲ. ಆದರೆ ಮಾಡದ ತಪ್ಪನ್ನು ಹೊತ್ತುಕೊಂಡು ಒಂದು ಜೀವ ಮಣ್ಣಿಗೆ ಹೋಗಿತ್ತು. ಅದನ್ನು ಕೇಳಿಯೂ ಬಾಯಿ ಮುಚ್ಚಿಕೊಂಡಿರಲು ದೈವಾನೈ ಅಷ್ಟು ಗಟ್ಟಿಗಿತ್ತಿಯಲ್ಲ.

"ನನಗೆ ಗೊತ್ತಿತ್ತು" ಎಂದಳು. "ಬೇಡ ಅನ್ನಬೇಕು ಅಂತ ಗೊತ್ತಿತ್ತು. ಗೊತ್ತಿದ್ದೇ ಹೊಗಳಿದೆ, ಗೊತ್ತಿದ್ದೇ ತಗೊಂಡೆ. ನಿಮ್ಮಮ್ಮನದು ಏನೂ ತಪ್ಪಿಲ್ಲ."

ರಂದಾಳ ಲೋಟ ಅರ್ಧದಲ್ಲೇ ನಿಂತಿತು. ಬೀದಿಯಲ್ಲಿ ಶೇರ್ ಆಟೋ ಒಂದು ಗೂಡಲೂರು, ಗೂಡಲೂರು ಎಂದು ಕೂಗಿಕೊಂಡು ಹೋಯಿತು. ದೈವಾನೈ ರಕ್ವೆಯನ್ನು ತೊಳೆದು, ಸೆರಗಿನಿಂದ ಒರೆಸಿ ಮುಂದೆ ಹಿಡಿದಳು. "ತಗೋ. ಇದು ನಿನ್ನದೇ."

ಹಾಗೆಂದವಳ ಮನಸ್ಸು ಮೂಲೆಯಲ್ಲೆಲ್ಲೋ ಕಾಯುತ್ತಿತ್ತು, ನಾಚಿಕೆಗೆಟ್ಟ ಮನಸ್ಸು. ಎದೆಯ ಮೇಲೆ ಕೈಯಿಟ್ಟು, ನಿನ್ನ ಬಳಿಯೇ ಇರಲಿ ಎನ್ನುತ್ತಾಳೆ, ಎನ್ನಲೇಬೇಕು, ಅವರ ರೀತಿಯೇ ಅದು ಎಂದು. ರಂದಾ ಎದೆಗೆ ಕೈಯೊಯ್ಯಲಿಲ್ಲ. ಒಂದೇ ಮಾತಿಗೆ ತೆಗೆದುಕೊಂಡಳು.

ಬರಿದಾದ ಪಾತ್ರೆ ಕಳಿಸುವುದು ಈ ಮನೆಯಲ್ಲೂ ಇಲ್ಲ, ಆ ಮನೆಯಲ್ಲೂ ಇಲ್ಲ. ದೈವಾನೈ ಓಡಿ ಹೋಗಿ ಏಲಕ್ಕಿ ತಂದು ತುಂಬಿದಳು. ತುಂಬುವವರೆಗೂ ರಂದಾ ಹಿಡಿದು ನಿಂತಳು. ಕಾರು ಹತ್ತುವ ಮುಂಚೆ, ಸಿಟ್ಟಿಲ್ಲದ ದನಿಯಲ್ಲಿ ಒಂದು ಮಾತು ಹೇಳಿದಳು. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಕಾರು ಕುಮಳಿ ರಸ್ತೆಯ ಕಡೆ ತಿರುಗಿತು. ಕಾಮಾಕ್ಷಿಯಮ್ಮಾಳ್ ಅರ್ಧ ಉಳಿದ ಲೋಟ ಎತ್ತಿಕೊಂಡು ಬಂದಳು.

"ಏನಕ್ಕಾ ಇದು, ಪಾತ್ರಂ ಕೊಟ್ಟುಬಿಟ್ಟೆ? ಆ ಮಗು 'ದಾಯ್ಮೆ' ಅಂತಾನೂ ಅನ್ನಲಿಲ್ಲ. ಹೋಗುವಾಗ ಏನಂದ್ಳು?"

ಲೆಬನಾನಿನ ಮಾತನ್ನು ಕಂಬಂಗೆ ತಿರುಗಿಸಿ ಹೇಳುವಾಗ ದೈವಾನೈ ಯಾವಾಗಲೂ ಒಂದಿಷ್ಟು ಉಪ್ಪುಖಾರ ಹಚ್ಚುವವಳು. ಅವತ್ತು ಹಚ್ಚಲಿಲ್ಲ.

"'ಅಮ್ಮ ಬದುಕಿರೋವಾಗ ಒಂದು ಫೋನ್ ಮಾಡಿ ಹೇಳಬಾರದಾಗಿತ್ತಾ?' ಅಂದ್ಳು" ಎಂದವಳು ಹೊಸಿಲ ಮೇಲೆ ಕೂತಳು. "ಬಾ ಕಾಮಾಕ್ಷಿ, ಕೂತ್ಕೋ. ಆ ದೇಶದ್ದು ಒಂದು ಪದ್ಧತಿ ನಿಂಗೆ ಹೇಳದೇ ಬಿಟ್ಟಿದೀನಿ."