ಕುದುರೆ ಹತ್ತುವ ಮೊದಲು

ನಮ್ಮ ಕಾರಿನಲ್ಲಿ ಒಂದು ಕಾಲಕ್ಕೆ ಕುದುರೆಯ ವಾಸನೆ ಇತ್ತು. ದುಬೈಯಲ್ಲಿ ನಮ್ಮಂಥವರ ಕಾರು ಎಂದರೆ ಏಸಿಯ ತಂಪು, ಅತ್ತರಿನ ಘಮ, ಡ್ಯಾಶ್‌ಬೋರ್ಡಿನ ಗಣಪತಿಗೆ ಹಚ್ಚಿದ ಗಂಧ ಇವೆಲ್ಲ ಬೆರೆತ ಒಂದು ಗೌರವಸ್ಥ ಪರಿಮಳ. ನಮ್ಮದರಲ್ಲಿ ಅದರ ಮೇಲೆ ಒಣಹುಲ್ಲು, ಬೆವರು, ಚರ್ಮ ಮತ್ತು ಲದ್ದಿ ಬಂದು ಕೂತಿದ್ದವು. ಹತ್ತಿದವರು ಮರ್ಯಾದೆಗೆ ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ಕಿಟಕಿಯ ಗಾಜು ಇಳಿಸುತ್ತಿದ್ದರು. ಜುಲೈ ತಿಂಗಳ ದುಬೈಯಲ್ಲಿ ಕಿಟಕಿ ತೆರೆಯುವುದಕ್ಕಿಂತ ಖಾರವಾದ ಟೀಕೆ ಇನ್ನೊಂದಿಲ್ಲ.

ಇದು ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಅಲ್ ಕುಸೈಸ್‌ನಲ್ಲಿ ನಮ್ಮ ಫ್ಲ್ಯಾಟು. ಪರಿಚಯದ ಕನ್ನಡದ ಸಂಸಾರಗಳೆಲ್ಲ ಆಗಾಗ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಗಂಡಸರು ಬಿಸಿಬೇಳೆ ಭಾತಿನ ತಟ್ಟೆ ಹಿಡಿದು ವೀಸಾ ಮಾತಾಡುವರು, ಹೆಂಗಸರು ಮಕ್ಕಳ ಕ್ಲಾಸು ಮಾತಾಡುವೆವು. ಭರತನಾಟ್ಯ, ಕೀಬೋರ್ಡು, ಅಬಾಕಸ್ಸು, ಕರಾಟೆ. ಆ ಮಕ್ಕಳು ಯಾವಾಗ ಉಸಿರಾಡುತ್ತಿದ್ದವೋ ತಿಳಿಯದು, ಅದಕ್ಕೂ ಒಂದು ಕ್ಲಾಸಿತ್ತು, ಪ್ರಾಣಾಯಾಮದ್ದು. ಈ ಸಂತೆಯಲ್ಲಿ ನನ್ನ ಬಳಿ ಮಾರಲು ಸರಕೇ ಇರಲಿಲ್ಲ. ಮಗಳು ಮೇಧಾ ಭರತನಾಟ್ಯವನ್ನು ಅರೆಮಂಡಿಯಲ್ಲೇ ಬಿಟ್ಟು ಎದ್ದಿದ್ದಳು. ಕೀಬೋರ್ಡಿನ ಮೇಲೆ ನಾನು ಇಸ್ತ್ರಿ ಬಟ್ಟೆ ಇಡುತ್ತಿದ್ದೆ. ಕೂಟದ ವಿಶಾಲಾಕ್ಷಿಯವರು ತಮ್ಮ ಮಗ ಫ್ರೆಂಚ್‌ನಲ್ಲಿ ಕನಸು ಕಾಣುತ್ತಾನೆ ಎಂದ ದಿನ ಎಲ್ಲರ ಮುಖ ನನ್ನ ಕಡೆ ತಿರುಗಿತು. ನಾನು ಪಾಯಸ ಬಡಿಸಲು ಎದ್ದುಹೋದೆ.

ಅದೇ ವಾರ ಮೇಧಾ, ಶಾಲೆಯ ಗೆಳತಿಯೊಬ್ಬಳು ಕುದುರೆ ಸವಾರಿಯ ಕ್ಲಬ್ಬು ಸೇರಿದ್ದಾಳೆ, ತಾನೂ ಸೇರಲೇ ಎಂದು ಕೇಳಿದಳು. ಅವಳ ಮಾತು ಮುಗಿಯುವ ಮೊದಲೇ ನಾನು ಹೂಂ ಎಂದಿದ್ದೆ. ಮುಂದಿನ ಕೂಟದಲ್ಲಿ ಚಟ್ನಿ ಬಡಿಸುತ್ತ, ಏನೋ ನೆನಪಾದವಳಂತೆ, "ಶುಕ್ರವಾರ ಬೆಳಗ್ಗೆ ನಮಗಾಗಲ್ಲ, ಮೇಧಾಗೆ ರೈಡಿಂಗ್" ಎಂದೆ. ಆಗ ಕವಿದ ಮೌನದಷ್ಟು ಇಂಪಾದದ್ದನ್ನು ನಾನು ಸಂಗೀತ ಕಚೇರಿಯಲ್ಲೂ ಕೇಳಿಲ್ಲ.

ನಮ್ಮ ವಂಶದಲ್ಲಿ ಕುದುರೆಯ ಜೊತೆಗಿನ ಸಂಬಂಧವೆಂದರೆ ಮೈಸೂರಿನ ಜಟಕಾ ಗಾಡಿಯದು. ಅದೂ ಹಿಂದಿನಿಂದ ನೋಡಿದ್ದು. ನಮ್ಮ ಯಜಮಾನರು ಮಾತ್ರ ಇದಕ್ಕೆ ಚರಿತ್ರೆಯ ಬಲ ಕೊಟ್ಟರು. ಅವರು ಕಂಪನಿಯೊಂದರಲ್ಲಿ ಅಕೌಂಟೆಂಟು, ಆದರೆ ಓದಿದ್ದು ಇತಿಹಾಸ, ಹಾಗಾಗಿ ಅದು ಎಲ್ಲಿ ಬೇಕಾದರೂ ಹೊರಬರುತ್ತದೆ. ವಿಜಯನಗರದ ಅರಸರಿಗೆ ಈ ಕಡಲಿನಿಂದಲೇ ಹಡಗು ಹಡಗು ಕುದುರೆ ಭಟ್ಕಳಕ್ಕೆ, ಹೊನ್ನಾವರಕ್ಕೆ ಹೋಗುತ್ತಿತ್ತಂತೆ. ಜೀನು, ಲಗಾಮು, ರಿಕಾಪು ಎಂಬ ಮಾತುಗಳೂ ಹೀಗೇ ಎಲ್ಲೆಲ್ಲಿಂದಲೋ ಬಂದು ಕನ್ನಡದೊಳಗೆ ಇಳಿದವಂತೆ. "ಆಗ ಇಲ್ಲಿಂದ ಕುದುರೆ ಅಲ್ಲಿಗೆ ಹೋಗ್ತಿತ್ತು ಕಣೇ, ಈಗ ಅಲ್ಲಿಂದ ಅಕೌಂಟೆಂಟ್ಸ್ ಇಲ್ಲಿಗೆ ಬರ್ತೀವಿ" ಎಂದರು. ಬೆಲೆ ಯಾರಿಗೆ ಹೆಚ್ಚಿತ್ತು ಎಂದು ನಾನು ಕೇಳಲಿಲ್ಲ.

ಕ್ಲಬ್ಬು ಇದ್ದದ್ದು ಊರಾಚೆ, ಡಾಂಬರು ಮುಗಿದು ಮರಳು ಶುರುವಾಗುವಲ್ಲಿ. ಹದಿಹರೆಯದವರೆಗಿನ ಮಕ್ಕಳಿಗೆ ಮಾತ್ರ. ನಡೆಸುತ್ತಿದ್ದವಳು ಪೆನ್ನಿ ಎಂಬ ಇಂಗ್ಲಿಷ್ ಹೆಂಗಸು. ಬಿಸಿಲಿಗೆ ಹುರಿದ ಕಡಲೆಕಾಯಿಯ ಬಣ್ಣಕ್ಕೆ ತಿರುಗಿದ್ದಳು, ಮಾತೂ ಅಷ್ಟೇ ಗರಿಗರಿ. ಮೊದಲ ದಿನ ಮೇಧಾ ಹೊಸ ಬೂಟು, ಹೊಸ ಹೆಲ್ಮೆಟ್ಟು ಹಾಕಿಕೊಂಡು ನಿಂತಳು. ನಾನು ಕ್ಯಾಮೆರಾ ತೆಗೆದೆ. ಪೆನ್ನಿ ಅವಳ ಕೈಗೆ ಸಲಿಕೆ ಕೊಟ್ಟಳು.

ಸದಸ್ಯತ್ವವೆಂದರೆ ಇದು ಎಂದು ಆಗ ತಿಳಿಯಿತು. ಮೊದಲ ಒಂದು ತಿಂಗಳು ಕುದುರೆಯ ಮೇಲೆ ಹತ್ತುವ ಮಾತೇ ಇಲ್ಲ. ಲಾಯ ಗುಡಿಸಬೇಕು, ಲದ್ದಿಯನ್ನು ತಳ್ಳುಗಾಡಿಗೆ ತುಂಬಬೇಕು, ಮೈ ಉಜ್ಜಬೇಕು, ಒಂದೊಂದೇ ಕಾಲೆತ್ತಿಸಿ ಗೊರಸಿನ ಸಂದಿನ ಮಣ್ಣು ಕೆರೆಯಬೇಕು. ಆಮೇಲೆ ಕುದುರೆಯ ಪಾಠದ ಪರೀಕ್ಷೆ. ಬೆಳ್ಳಗಿರುವ ಕುದುರೆಯನ್ನು ಬಿಳಿ ಎನ್ನಕೂಡದು, ಬೂದು ಎನ್ನಬೇಕು. ಮನೆಯಲ್ಲಿ ಹಾಸಿಗೆ ಮಡಿಸು ಎಂದರೆ ಕಿವುಡಾಗುವ ಹುಡುಗಿ ಅಲ್ಲಿ ಮೊಣಕೈವರೆಗೆ ಹುಲ್ಲು ಮೆತ್ತಿಕೊಂಡು ಗುನುಗುತ್ತಿದ್ದಳು. ಇದನ್ನು ಕೂಟದಲ್ಲಿ ಹೇಳುವಂತಿರಲಿಲ್ಲ. "ಮೇಧಾ ರೈಡಿಂಗ್ ಹೇಗೆ ನಡೀತಿದೆ?" ಎಂದು ವಿಶಾಲಾಕ್ಷಿ ಕೇಳಿದಾಗ, "ಬೇಸಿಕ್ಸ್ ತುಂಬಾ ಸ್ಟ್ರಾಂಗ್ ಮಾಡ್ತಾರೆ" ಎಂದೆ.

ಮೇಧಾ ಪಾಲಿಗೆ ಬಂದದ್ದು ಬಿಸ್ಕಿಟ್ ಎಂಬ ಕಂದು ಬಣ್ಣದ ಗಿಡ್ಡ ಕುದುರೆ. ಹೊಟ್ಟೆ ದೊಡ್ಡದು, ಕಣ್ಣುಗಳು ನಿವೃತ್ತ ಹೆಡ್ ಮಾಸ್ತರರವು. ಕುದುರೆಗೆ ಏನು ಇಷ್ಟವೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು ಎಂಬ ಹೆಮ್ಮೆಯಲ್ಲಿ ನಾನೊಂದು ಶುಕ್ರವಾರ ಡಬ್ಬಿ ತುಂಬ ಹುರುಳಿ ನೆನೆಸಿ ತೆಗೆದುಕೊಂಡು ಹೋದೆ. ಪೆನ್ನಿ ಒಂದು ಕಾಳು ಎತ್ತಿ ನೋಡಿ, ಇವನ ಹೊಟ್ಟೆ ನಾಜೂಕು, ತೂಕ ಮಾಡಿದ ಮೇವು ಬಿಟ್ಟು ಬೇರೇನೂ ಕೊಡುವಂತಿಲ್ಲ ಎಂದಳು. ಲಾಯದಲ್ಲಿ ಫ್ಯಾನು ತಿರುಗುತ್ತಿತ್ತು, ಮೇಲಿನಿಂದ ತುಂತುರು ನೀರು ಉದುರುತ್ತಿತ್ತು. ನಮ್ಮ ಬಿಲ್ಡಿಂಗಿನ ಏಸಿ ಆ ವಾರವೆಲ್ಲ ಕೆಟ್ಟಿತ್ತು, ವಾಚ್‌ಮನ್ ದಿನಾ "ಮಾಫಿ ಮುಷ್ಕಿಲ್", ಏನೂ ತೊಂದರೆಯಿಲ್ಲ, ಎನ್ನುತ್ತಿದ್ದ. ಹುರುಳಿ ಮನೆಗೆ ವಾಪಸು ಬಂದು ಸಾರಾಯಿತು. ನಾಜೂಕಲ್ಲದ ಹೊಟ್ಟೆಯ ನಾವೇ ಉಂಡೆವು.

ಅಂತೂ ಒಂದು ದಿನ ಮೇಧಾ ಬಿಸ್ಕಿಟ್‌ನ ಮೇಲೆ ಕೂತಳು. ನಡೆದಳು, ಬಿದ್ದಳು, ಮತ್ತೆ ಹತ್ತಿದಳು, ಕುಕ್ಕುಲೋಟ ಕಲಿತಳು. ಚಳಿಗಾಲಕ್ಕೆ ಕ್ಲಬ್ಬಿನ ಮಕ್ಕಳ ಪ್ರದರ್ಶನ ಎಂದು ಸುದ್ದಿ ಬಂತು. ನಾನು ಸುಮ್ಮನಿರಬಹುದಿತ್ತು. ಕೂಟದ ಎಲ್ಲರನ್ನೂ ಕರೆದೆ. ಎದುರು ಫ್ಲ್ಯಾಟಿನ ಝೊಹರಾ ಅವರನ್ನೂ ಕರೆದೆ. ಉಳ್ಳಾಲದ ಕಡೆಯವರು, ಮನೆಯೊಳಗೆ ಬ್ಯಾರಿ ಮಾತು, ನನ್ನ ಜೊತೆ ಮಂಗಳೂರು ಕನ್ನಡ. ನಾನು ಮೈಸೂರು ರೇಷ್ಮೆ ಉಟ್ಟೆ. ಮರಳಿನಲ್ಲಿ, ಬೆಳಗಿನ ಹೊತ್ತು, ಕುದುರೆ ನೋಡುವುದಕ್ಕೆ.

ಶುರುವಾಗಲು ಸ್ವಲ್ಪ ಹೊತ್ತಿದೆ ಎನ್ನುವಾಗ ಲಾಯಕ್ಕೆ ಹೋದೆ. ಮೇಧಾ ಬಿಸ್ಕಿಟ್‌ನ ಮುಂಗಾಲು ಎತ್ತಿ, ಇಳಿಸಿ, ಮತ್ತೆ ಎತ್ತುತ್ತಿದ್ದಳು.

"ಅಮ್ಮಾ, ಇವನು ಈ ಕಾಲು ಊರ್ತಿಲ್ಲ."

ನಾನು ಬಗ್ಗಿ ನೋಡಿದೆ. ನಾಲ್ಕು ಕಾಲೂ ನೆಲದ ಮೇಲೇ ಇದ್ದವು. "ಊರಿದಾನಲ್ಲೇ."

"ಭಾರ ಹಾಕ್ತಿಲ್ಲ. ಐ ಹ್ಯಾವ್ ಟು ಟೆಲ್ ಪೆನ್ನಿ."

"ಹೇಳಿದ್ರೆ ಏನಾಗತ್ತೆ?"

"ಹಿ ಕಾಂಟ್ ಗೋ. ನಾನೂ ಹೋಗಲ್ಲ."

ಬಾಗಿಲಿನಿಂದ ಹೊರಗೆ ನೋಡಿದೆ. ಮಡಚುವ ಕುರ್ಚಿಗಳ ಮೇಲೆ ಕೂಟವಿಡೀ ಸಾಲಾಗಿ ಕೂತಿತ್ತು. ವಿಶಾಲಾಕ್ಷಿ ತಂಪು ಕನ್ನಡಕ ಹಾಕಿಕೊಂಡಿದ್ದರು. ನಾನು ದನಿ ತಗ್ಗಿಸಿ, "ಒಂದೇ ಒಂದು ಸುತ್ತು ಕಣೇ ಪುಟ್ಟಿ. ಆಮೇಲೆ ಹೇಳಿದ್ರಾಯ್ತು. ಯಾರಿಗೂ ಗೊತ್ತಾಗಲ್ಲ" ಎಂದೆ.

ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು ಅಂದು ಕನ್ನಡದಲ್ಲಿ ಹೇಳಿದಳು. "ಅವನಿಗೆ ಗೊತ್ತಾಗತ್ತಲ್ಲಮ್ಮ."

ಬೈದದ್ದಲ್ಲ. ಸ್ಕೂಲ್ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ತಿಳಿಸುವಾಗಿನ ದನಿಯೇ. ಹೇಳಿ, ಪೆನ್ನಿಯನ್ನು ಹುಡುಕಿಕೊಂಡು ಹೋದಳು. ನಾನೂ ಬಿಸ್ಕಿಟ್ಟೂ ಮುಖ ಮುಖ ನೋಡುತ್ತ ನಿಂತೆವು. ಆ ಕ್ಷಣ ನನಗೆ ಅವಳ ಮೇಲೆ ಬಂದ ಸಿಟ್ಟು ಸಣ್ಣದಲ್ಲ. ಇಷ್ಟು ಒಳ್ಳೆಯ ಬುದ್ಧಿ ಇವಳಿಗೆ ಯಾರು ಕಲಿಸಿದರು ಎಂದು ಯೋಚಿಸಿದೆ. ನಾನಂತೂ ಅಲ್ಲ.

ಪೆನ್ನಿ ಗೊರಸು ಮುಟ್ಟಿ, ಬಿಸಿ ಇದೆ, ಒಳಗೆ ಏನೋ ಪೆಟ್ಟಾಗಿದೆ, ಇವತ್ತು ಇವನು ಬೇಡ ಎಂದಳು. ಬೇರೆ ಕುದುರೆಗಳೆಲ್ಲ ಬೇರೆ ಮಕ್ಕಳ ಪಾಲಿಗೆ ಹೋಗಿದ್ದವು. ಖಲಾಸ್.

ಕುರ್ಚಿಗಳ ಕಡೆ ನಡೆಯುವ ಆ ದಾರಿ ನನ್ನ ಜೀವನದ ಉದ್ದನೆಯ ದಾರಿಗಳಲ್ಲೊಂದು.

"ಮೇಧಾ ಯಾವಾಗ ಬರ್ತಾಳೆ?" ವಿಶಾಲಾಕ್ಷಿ ಕೇಳಿದರು.

"ಇವತ್ತು ಬರಲ್ಲ. ಕುದುರೆಗೆ ಕಾಲು ನೋವು."

"ಅಯ್ಯೋ ಪಾಪ. ಇಷ್ಟು ದಿನ ಕಲಿತಿದ್ದೆಲ್ಲ ವೇಸ್ಟ್ ಆಯ್ತಲ್ಲ. ಮತ್ತೆ ಅವಳೆಲ್ಲಿ?"

"ಅದರ ಕಾಲನ್ನ ಬಕೆಟ್‌ನಲ್ಲಿಟ್ಟು ತಣ್ಣೀರು ಹಾಕ್ತಿದಾಳೆ."

ಈ ಮೌನಕ್ಕೆ ಯಾವ ಇಂಪೂ ಇರಲಿಲ್ಲ. ಯಾರೋ ಕೆಮ್ಮಿದರು. ಆಗ ಝೊಹರಾ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, "ನನ್ನ ಮಂಡಿ ನೋವಿಗೆ ಮನೆಯಲ್ಲಿ ಇಷ್ಟು ಜನ ಉಂಟು, ಒಬ್ಬರಾದರೂ ಒಂದು ಲೋಟ ಬಿಸಿನೀರು ಕೊಟ್ಟದ್ದಿಲ್ಲ ಮಾರಾಯ್ರೆ. ನಿಮ್ಮ ಮಗಳನ್ನು ಎರಡು ದಿನಕ್ಕೆ ನನಗೆ ಕೊಡಿ" ಎಂದರು. ನಕ್ಕವರಲ್ಲಿ ವಿಶಾಲಾಕ್ಷಿಯವರೂ ಇದ್ದರು. ಚಹಾ ಕುಡಿದು ಎಲ್ಲರೂ ಕಾಯಿಲೆಯವನನ್ನು ನೋಡಿಬರಲು ಲಾಯಕ್ಕೆ ಬಂದರು, ಹಣ್ಣು ತಂದಿಲ್ಲವಲ್ಲ ಎಂಬ ಸಂಕೋಚದಲ್ಲಿ. ಪಟ್ಟಿ ಕಟ್ಟಲು ಮೇಧಾಗೆ ಎರಡೂ ಕೈ ಬೇಕಿತ್ತು, ಬಿಸ್ಕಿಟ್‌ನ ಹಗ್ಗ ನನ್ನ ಕೈಗೆ ಬಂತು. ಅಷ್ಟು ತಿಂಗಳಲ್ಲಿ ನಾನು ಕುದುರೆಯನ್ನು ಹಿಡಿದು ನಿಂತದ್ದು ಅದೇ ಮೊದಲು. ಬಿಸ್ಕಿಟ್ ಸ್ವಲ್ಪ ಯೋಚಿಸಿ, ಮೂಗನ್ನು ನನ್ನ ಮೈಸೂರು ರೇಷ್ಮೆಗೆ ಚೆನ್ನಾಗಿ ಒರೆಸಿಕೊಂಡಿತು.

ಅದರ ಕಾಲು ವಾಸಿಯಾಗಲು ವಾರಗಳೇ ಹಿಡಿದವು. ಹತ್ತುವಂತಿಲ್ಲದಿದ್ದರೂ ಮೇಧಾ ಪ್ರತಿ ಶುಕ್ರವಾರ ಬೆಳಕು ಹರಿಯುವ ಮೊದಲೇ ನಮ್ಮನ್ನು ಎಬ್ಬಿಸುತ್ತಿದ್ದಳು. "ಹತ್ತೋದೇ ಇಲ್ವಲ್ಲೇ, ಯಾಕೆ ಹೋಗ್ಬೇಕು?" ಎಂದರೆ ಅವಳಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಅಷ್ಟರಲ್ಲಿ ಸದಸ್ಯತ್ವದ ಇನ್ನೊಂದು ಕಟ್ಟಳೆ ನನ್ನ ಪಾಲಿಗೆ ಬಂತು. ಸರದಿಯ ಮೇಲೆ ತಂದೆತಾಯಂದಿರೂ ಲಾಯದ ಕೆಲಸಕ್ಕೆ ನಿಲ್ಲಬೇಕು. ನಮ್ಮ ಯಜಮಾನರಿಗೆ ತಕ್ಷಣ ಸೊಂಟ ಹಿಡಿಯಿತು. ನಾನು ಹಳೆಯ ಸಲ್ವಾರು ಹಾಕಿ, ತಲೆಗೆ ದುಪಟ್ಟಾ ಸುತ್ತಿ, ಪೊರಕೆ ಹಿಡಿದೆ. ಬೇಸರವಾಗಲಿಲ್ಲ ಎಂದರೆ ಸುಳ್ಳು. ಆದರೆ ಲಾಯ ಗುಡಿಸುವಾಗ ಯಾರ ಮಗ ಏನು ಕಲಿಯುತ್ತಾನೆ ಎಂಬುದು ತಲೆಗೆ ಬರುವುದಿಲ್ಲ. ಲದ್ದಿಗೆ ಆ ಗುಣವಿದೆ.

ಹಾಗೆ ಗುಡಿಸುತ್ತಿದ್ದಾಗ ಒಬ್ಬಳು ಹೊಸ ತಾಯಿ ಬಂದಳು. ಜೊತೆಗೆ ಹೊಳೆಯುವ ಬೂಟಿನ ಸಣ್ಣ ಹುಡುಗಿ. ಪೆನ್ನಿ ನಿಯಮಗಳನ್ನೆಲ್ಲ ಹೇಳಿ ಆಚೆ ಹೋದಮೇಲೆ ಅವಳು ನನ್ನ ಎದುರಿಗೇ ಗಂಡನಿಗೆ ಫೋನು ಹಚ್ಚಿದಳು. ಅಪ್ಪಟ ಬೆಂಗಳೂರು ಕನ್ನಡ.

"ರೀ, ಪಾಪು ಕೈಲಿ ಸಗಣಿ ಎತ್ತಿಸ್ತಾರಂತೆ ರೀ. ಇಲ್ಲಿ ಗುಡ್ಸೋಕೆ ಅಂತಾನೇ ಒಬ್ಬ ಹೆಂಗಸಿದಾಳೆ, ನಾನೇ ನೋಡ್ತಿದೀನಿ. ಅವಳಿಗೇ ಏನಾದ್ರೂ ಕೊಟ್ರಾಗಲ್ವಾ?"

ನಾನು ಪೊರಕೆ ಗೋಡೆಗೆ ಒರಗಿಸಿ, ದುಪಟ್ಟಾ ಸರಿಮಾಡಿಕೊಂಡೆ. "ಸಗಣಿ ದನದ್ದು ಕಣಮ್ಮ," ಎಂದೆ. "ಕುದುರೇದಕ್ಕೆ ಲದ್ದಿ ಅಂತಾರೆ. ಇನ್ನೊಂದು ಪೊರಕೆ ಆ ಮೂಲೇಲಿದೆ."

ಅವಳ ಮುಖ ಕೆಂಪಾಯಿತು, ಬಿಳುಪಾಯಿತು. ಕ್ಲಬ್ಬಿನ ಲೆಕ್ಕದಲ್ಲಿ ಬೂದು. ಫೋನು ಕೆಳಗಿಳಿಯಿತು. ಆಮೇಲೆ ಅವಳು ಪರದೇಶದಲ್ಲಿ ಕನ್ನಡದವರು ಸಿಕ್ಕಾಗ ನಾವೆಲ್ಲ ಕೇಳುವುದನ್ನೇ ಕೇಳಿದಳು. "ನೀವು ಯಾವೂರಿನೋರು?"

ಊರು ಯಾವುದು, ಇಲ್ಲಿ ಯಾವ ಬಿಲ್ಡಿಂಗು, ಯಜಮಾನರಿಗೆ ಎಲ್ಲಿ ಕೆಲಸ, ಬೆಳ್ಳುಳ್ಳಿ ತಿನ್ನುತ್ತೀರಾ ಎಂಬುದೆಲ್ಲ ಮುಗಿಯುವಷ್ಟರಲ್ಲಿ ನಾವಿಬ್ಬರೂ ಸೇರಿ ಆ ಸಾಲಿನ ಲಾಯಗಳನ್ನೆಲ್ಲ ಗುಡಿಸಿ ಆಗಿತ್ತು.