ತಿಮ್ಮಣ್ಣ ಭಟ್ಟರ ಹೊಟ್ಟೆ

ಕಾಣಿಯೂರಿನ ಮದುವೆಯೊಂದರಲ್ಲಿ ಅಡಿಗೆಯ ತಿಮ್ಮಣ್ಣ ಭಟ್ಟರು ಒಲೆಯ ಹಿಂದೆ ಬೋರಲು ಮಲಗಿ ಎದೆ ಎತ್ತಿ ಇಳಿಸುವುದನ್ನು ಕಂಡ ವಕೀಲರ ಗುಮಾಸ್ತ ರಾಮಪ್ರಸಾದ, ಇದು ಅಗ್ನಿದೇವರಿಗೆ ಮಾಡುವ ನಮಸ್ಕಾರವಿರಬೇಕೆಂದು ತಾನೂ ಇದ್ದೊಂದು ಬಿಳಿ ಅಂಗಿಯಲ್ಲೇ ಮಸಿನೆಲಕ್ಕೆ ಅಡ್ಡಬಿದ್ದ. "ಏಳು ಮಾರಾಯ, ಇದು ಸೊಂಟನೋವಿಗೆ ಪುತ್ತೂರಿನ ಡಾಕ್ಟ್ರು ಹೇಳಿದ ವ್ಯಾಯಾಮ!" ಎಂದರು ಭಟ್ಟರು. ಅವರ ಹೊಟ್ಟೆ ಮೊದಲು ಬಾಗಿಲು ದಾಟುತ್ತಿತ್ತು, ಅವರು ಆಮೇಲೆ. ಕೊಪ್ಪರಿಗೆ ಇಳಿಸುವಾಗ ಅವರು "ಅಯ್ಯೋ ನಾರಾಯಣಾ" ಎಂದರೆ ಮಂಟಪದ ಮದುಮಗನೂ ಬೆಚ್ಚುತ್ತಿದ್ದ. ಮೈಭಾರ ಇಳಿಯದೆ ನೋವು ಇಳಿಯದೆಂದು ಡಾಕ್ಟರು ಹೇಳಿದ ಮೇಲೆ ರಾತ್ರಿಯ ಅನ್ನ ಬಿಟ್ಟರು, ಬಸ್ಸು ಬಿಟ್ಟು ಕಡಬಕ್ಕೂ ನಡೆದೇ ಹೋದರು, ಹೋಳಿಗೆಯನ್ನು ಬೇಯಿಸಿ ಕಣ್ಣಲ್ಲೇ ಉಂಡರು. ಮಳೆಗಾಲ ಮುಗಿಯುವಾಗ ಸೊಂಟ ನೆಟ್ಟಗಾಗಿತ್ತು. ಆದರೆ ಆ ಕಡೆ ಕೊನೆಯ ಪಂಕ್ತಿಯಲ್ಲಿ ಅಡಿಗೆಯವರು ಉಣ್ಣುವುದನ್ನು ಮನೆಯವರು ನಿಂತು ನೋಡುವ ಪದ್ಧತಿ; ಅಡಿಗೆ ಚೆನ್ನಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಪಂಜದ ಸೀಮಂತದೂಟದಲ್ಲಿ ಭಟ್ಟರು ಪಾಯಸಕ್ಕೆ ಕೈ ಅಡ್ಡ ಹಿಡಿದರು. "ಅದರಲ್ಲಿ ಎಂತ ಬಿದ್ದಿದೆ ಭಟ್ರೆ? ನನ್ನ ಬಸುರಿ ಮಗಳು ಉಂಡಾಯ್ತಲ್ಲ!" ಎಂದು ಯಜಮಾನಿ ಪರಮೇಶ್ವರಿಯಮ್ಮ ಕೂಗಿ, ಉಳಿದ ಪಾಯಸವನ್ನೆಲ್ಲ ತೆಂಗಿನ ಬುಡಕ್ಕೆ ಮಗುಚಿಸಿದರು, ಉಂಡವರೆಲ್ಲ ಹೊಟ್ಟೆ ಮುಟ್ಟಿ ನೋಡಿಕೊಂಡರು. ತಾನು ಮಾಡಿದ್ದನ್ನು ತಾನೇ ಉಣ್ಣದ ಭಟ್ಟ ಎಂಬ ಮಾತು ಸುಳ್ಯದವರೆಗೂ ನಡೆಯಿತು. ಮುಂದಿನ ಮದುವೆಗಾಲದಲ್ಲಿ ವೀಳ್ಯ ಕೊಟ್ಟು ಅಡಿಗೆಗೆ ಕರೆಯಲು ಒಬ್ಬರೂ ಬರಲಿಲ್ಲ. ಜಗಲಿಯಲ್ಲಿ ಸುಮ್ಮನೆ ಸಟ್ಟುಗ ಒರಸುತ್ತ ಕೂತಿದ್ದ ಭಟ್ಟರಲ್ಲಿ ರಾಮಪ್ರಸಾದ, "ಈಗ ನೋವಿಲ್ಲವಲ್ಲ ಭಟ್ರೆ, ಸುಖವೋ?" ಎಂದು ಕೇಳಿಬಿಟ್ಟ. ಭಟ್ಟರು ತಲೆ ಎತ್ತಲಿಲ್ಲ. "ನೋವಿದ್ದಾಗ ಮನೆಯಲ್ಲಿ ಅಕ್ಕಿ ಇತ್ತು ಮಾರಾಯ."