ಪರಪ್ಪನ ಚೀಸು, ರುಕ್ಮವ್ವನ ಹಗೇವು

ಹೊರ್ತಿಯಲ್ಲಿ ಬಾಯಿಂದ ಕೆಟ್ಟವರಿಗೇನೂ ಬರವಿಲ್ಲ. ಆದರೆ ತಿನ್ನುವ ವಸ್ತುವಿನ ಬಗ್ಗೆ ಬಾಯಿಬಿಟ್ಟು, ಉಣ್ಣುವ ಜಾಗವನ್ನೇ ಕಳೆದುಕೊಂಡವನು ಪರಪ್ಪ ಒಬ್ಬನೇ. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅದೂ ಎದೆಮಟ್ಟದ್ದು. ಹೀಗಾಗಿ ಆ ಮನೆಯ ಜಗಳಗಳೆಲ್ಲ ನಮಗೆ ಪುಕ್ಕಟೆ ನಾಟಕ.

ಪರಪ್ಪ ಹರೆಯದಲ್ಲಿ ಪುಣೆಗೆ ಹೋಗಿ ಚೀಸ್ ಮಾಡುವ ಸಣ್ಣ ಕಾರ್ಖಾನೆಯೊಂದನ್ನು ಸೇರಿಕೊಂಡಿದ್ದ. ಚೀಸ್ ಎಂದರೇನೆಂದು ಗೊತ್ತಿದ್ದವರು ಆಗ ನಮ್ಮೂರಲ್ಲಿ ಯಾರೂ ಇರಲಿಲ್ಲ. ಗೊತ್ತಿದೆ ಎನ್ನುವವರು ಮಾತ್ರ ಬೇಕಾದಷ್ಟಿದ್ದರು. ಹೆಣ್ಣಿನ ಕಡೆಯವರು ಬಂದು, "ಹುಡುಗ ಪುಣೆದಾಗ ಏನ್ ಮಾಡ್ತಾನ್ರಿ?" ಎಂದು ಕೇಳಿದರೆ ಅವನ ತಾಯಿ ರುಕ್ಮವ್ವ ಮುಚ್ಚುಮರೆ ಇಲ್ಲದೆ, "ಹಾಲು ಕೆಡಸ್ತಾನ್ರಿ" ಎನ್ನುತ್ತಿದ್ದಳು. ಎಮ್ಮೆ ಕಟ್ಟಿದ ಮನೆಯವರು ಅಂಥವನಿಗೆ ಯಾಕೆ ಹೆಣ್ಣು ಕೊಡುತ್ತಾರೆ? ಪರಪ್ಪ ಹಾಗೇ ಉಳಿದ.

ತೊಂಬತ್ತಾರರಲ್ಲಿ ಕಾರ್ಖಾನೆ ಮುಚ್ಚಿತು. ಒಂದು ಟ್ರಂಕು, ಒಂದಿಷ್ಟು ನರೆಗೂದಲು, ಹಾಲು ಒಡೆಸುವ ಪುಡಿಯ ಸಣ್ಣ ಬಾಟ್ಲಿ, ಇಷ್ಟು ಸಂಪಾದನೆಯೊಂದಿಗೆ ಪರಪ್ಪ ಊರಿಗೆ ಬಂದ. ಬಂದ ಮರುದಿನವೇ ಬಸ್‌ಸ್ಟ್ಯಾಂಡಿನ ಎದುರಿಗಿರುವ ನಬಿಲಾಲನ ಚಹಾದಂಗಡಿಯಲ್ಲಿ ಕೂತು ದೊಡ್ಡ ಮೂರ್ಖತನ ಮಾಡಿದ. ಒಬ್ಬರಿಗೂ ಒಂದು ಚೂರು ತಿನ್ನಿಸುವ ಮೊದಲೇ ಚೀಸಿನ ಇತಿಹಾಸ ಹೇಳತೊಡಗಿದ.

"ಸಾವಿರಾರು ವರ್ಷದ ಹಿಂದ ಒಬ್ಬ ವ್ಯಾಪಾರಿ ಮರಳುಗಾಡಿನಾಗ ಒಂಟಿ ಮ್ಯಾಲ ಹೊಂಟಿದ್ನಂತ. ದಾರ್‍ಯಾಗ ಕುಡ್ಯಾಕ ಚೀಲದಾಗ ಹಾಲು ತುಂಬ್ಕೊಂಡಿದ್ದ. ಬಿಸಲಿಗೆ, ಒಂಟಿ ಕುಲುಕಾಟಕ್ಕ ಹಾಲೆಲ್ಲ ಗಟ್ಟಿ ಆತು. ತಿಂದು ನೋಡ್ತಾನ, ಭಾಳ ರುಚಿ! ಅದ ಚೀಸು."

"ನಮ್ಮ ಚೀಲದಾಗ ಹಂಗ ಆಗಂಗಿಲ್ಲಲ್ಲೋ. ಅದ್ಯಾವ ಚೀಲ?" ಎಂದ ಗುರಪ್ಪ. ಗುರಪ್ಪ ನಮ್ಮ ಓಣಿಯ ಹಿರಿಯ. ಬೇರೆಯವರ ಮನೆಯ ಒಳ್ಳೆಯ ಸುದ್ದಿ ಕೇಳಿದರೆ ಅವನಿಗೆ ತಲೆನೋವು ಬರುತ್ತದೆ.

"ಕರದ ಹೊಟ್ಟಿ ಚೀಲ, ಕಾಕಾ. ಹಾಲು ಗಟ್ಟಿ ಮಾಡೂ ಗುಣ ಆ ಹೊಟ್ಟಿದಾಗ ಐತಿ. ಈ ಪುಡೀನೂ ಅದರದ," ಎಂದು ಪರಪ್ಪ ಹೆಮ್ಮೆಯಿಂದ ಬಾಟ್ಲಿ ಎತ್ತಿ ತೋರಿಸಿದ.

ಕರುವಿನ ಹೊಟ್ಟೆ ಎಂಬ ಮಾತು ಕೇಳಿ ನಬಿಲಾಲ ಹಣೆ ಹಣೆ ಬಡಿದುಕೊಂಡ. ಪರಪ್ಪ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸುದ್ದಿ ಹೊತ್ತು ಓಡಿದ ಗುರಪ್ಪನ ಮೊಣಕಾಲು ನೋವು ಅವತ್ತು ಎಲ್ಲಿ ಹೋಗಿತ್ತೋ ಶಿವನೇ ಬಲ್ಲ. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ರುಕ್ಮವ್ವ ಬಾಗಿಲಲ್ಲೇ ನಿಂತಿದ್ದಳು. ಬಾಟ್ಲಿ ಕಸಿದು ತಿಪ್ಪೆಗೆ ಒಗೆದಳು. ಆಮೇಲೆ ಮಗನ ತಾಟು, ತಂಬಿಗೆ ತಂದು ಎಮ್ಮೆ ಕಟ್ಟುವ ಕೊಟ್ಟಿಗೆಯಲ್ಲಿಟ್ಟಳು.

"ಇನ್ನ ಮ್ಯಾಲ ನಿನ್ನ ಊಟ ಇಲ್ಲೇ. ಒಲಿ ಮುಂದ ಬಂದಿ ಅಂದ್ರ ಊದುಗೊಳವಿಲೆ ಬಡೀತೇನಿ."

ಪುಣೆಯಲ್ಲಿ ಅಷ್ಟು ವರ್ಷ ಒಬ್ಬನೇ ಉಂಡು ಬೇಸತ್ತು ಬಂದವನು ತನ್ನ ಮನೆಯಲ್ಲೇ ಎಮ್ಮೆಯ ಎದುರು ಕೂತು ಉಣ್ಣತೊಡಗಿದ. ಎಮ್ಮೆಗೇನೂ ಬೇಸರವಾಗಲಿಲ್ಲ. ಒಲೆಯ ಮುಂದೆ ಅವ್ವನ ಪಕ್ಕ ಕೂಡಬೇಕು, ಅವಳು ಬಡಿದು ಸುಟ್ಟು ತಾಟಿಗೆ ಒಗೆದ ರೊಟ್ಟಿಯನ್ನು ಬಿಸಿ ಇರುವಾಗಲೇ ಮುರಿಯಬೇಕು, ಪರಪ್ಪನಿಗೆ ಬೇಕಾಗಿದ್ದದ್ದು ಇಷ್ಟೇ. ಚೀಸ್ ಬಿಟ್ಟೆ ಎಂದಿದ್ದರೆ ಅಂದೇ ಒಳಗೆ ಕರೆಯುತ್ತಿದ್ದಳು. ಆದರೆ ಹಟದಲ್ಲಿ ಅವನೂ ರುಕ್ಮವ್ವನ ಮಗನೇ. ಅವನಿಗೆ ಅವ್ವನೂ ಬೇಕು, ಚೀಸೂ ಬೇಕು.

ಪುಡಿ ಇಲ್ಲದೆ ಏನೇನೋ ಮಾಡಿದ. ನಿಂಬೆಹುಳಿ ಹಿಂಡಿದರೆ ಹಾಲು ಒಡೆದು ಪುಡಿಪುಡಿಯಾಯಿತು; ಅದು ಪನೀರಾದೀತು, ಚೀಸಾಗದು. ಹೀಗೇ ಒಂದೆರಡು ವರ್ಷ ಕಳೆದವು. ಒಂದು ದಿನ ರುಕ್ಮವ್ವ ಹುಗ್ಗಿಗೆಂದು ಕುಸುಬಿ ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಕುಸುಬಿ ಹಾಲು ತೆಗೆದಿದ್ದಳು. ತೊಳೆಯಲು ಅಂಗಳದಲ್ಲಿಟ್ಟ ಪಾತ್ರೆಯ ತಳದಲ್ಲಿ ಅದು ಇನ್ನೂ ಸ್ವಲ್ಪ ಉಳಿದಿತ್ತು. ಪರಪ್ಪ ನೋಡದೆ ಅದರಲ್ಲೇ ಎಮ್ಮೆ ಹಿಂಡಿದ. ಸ್ವಲ್ಪ ಹೊತ್ತಿಗೆ ಹಾಲು ಗಡ್ಡೆಕಟ್ಟಿ, ಪಾತ್ರೆಯ ಅಂಚು ಬಿಟ್ಟು, ನಡುಗುತ್ತ ಕೂತಿತು.

"ಮತ್ತ ಕೆಡಿಸಿದೇನೋ ಭಾಡ್ಯಾ!" ಎಂದು ಮುದುಕಿ ಕೂಗಿದಳು.

"ನಾ ಅಲ್ಲಬೇ, ನಿನ್ನ ಕುಸುಬಿ ಕೆಡಿಸೈತಿ!" ಎಂದು ಮಗ ಅಂಗಳದ ತುಂಬ ಕುಣಿದ. ನಲವತ್ತು ದಾಟಿದ ಗಂಡಸು ಕೆಟ್ಟ ಹಾಲಿನ ಸುತ್ತ ಕುಣಿಯುವುದನ್ನು ನಾನು ಗೋಡೆಯ ಈಚೆಯಿಂದ ಕಣ್ಣಾರೆ ನೋಡಿದ್ದೇನೆ. ನೋಡುವಂಥದ್ದೇ.

"ಕರ ಇಲ್ಲ, ಹೊಟ್ಟಿ ಇಲ್ಲ. ನಿನ್ನ ಎಮ್ಮಿ, ನಿನ್ನ ಕುಸುಬಿ. ಈಗರೆ ತಿಂತಿಯೇನು?"

"ಆ ಬಾಟ್ಲಿ ನಾ ಇನ್ನೂ ಮರ್ತಿಲ್ಲ," ಎಂದಳು ರುಕ್ಮವ್ವ.

ಪರಪ್ಪ ಗಡ್ಡೆಯನ್ನು ಬಟ್ಟೆಯಲ್ಲಿ ಕಟ್ಟಿ, ಒಳಕಲ್ಲಿನ ಗುಂಡು ಹೇರಿ ನೀರು ಬಸಿದು, ಉಪ್ಪು ಸವರಿದ. ಇನ್ನು ಅದನ್ನು ತಂಪಾದ ಕತ್ತಲಲ್ಲಿ ತಿಂಗಳುಗಟ್ಟಲೆ ಇಡಬೇಕು. ನಮ್ಮ ಕಡೆ ತಂಪು ಎಲ್ಲಿಂದ ತರುವುದು? ಆಗ ಅವನ ಕಣ್ಣು ಅಂಗಳದ ಹಗೇವಿನ ಮೇಲೆ ಬಿತ್ತು. ಹಗೇವು ಎಂದರೆ ನೆಲದೊಳಗಿನ ಜೋಳದ ಕಣಜ. ಒಬ್ಬ ಇಳಿಯುವಷ್ಟು ಬಾಯಿ, ಒಳಗೆ ಕೋಣೆಯಷ್ಟು ಹೊಟ್ಟೆ. ಗಂಡ ಬದುಕಿದ್ದ ತನಕ ರುಕ್ಮವ್ವನ ಹಗೇವು ತುಂಬಿರುತ್ತಿತ್ತು. ಅವನು ಹೋದಮೇಲೆ ಜೋಳ ಚೀಲಕ್ಕೆ ಬಂತು, ಚೀಲ ಪಡಸಾಲೆಗೆ ಬಂತು, ಹಗೇವು ಖಾಲಿ ಬಿತ್ತು.

"ಇಡು," ಎಂದಳು ಮುದುಕಿ. "ನಿನ್ನ ಗಬ್ಬು ನೆಲದಾಗ ಇದ್ರ ಛಲೋ."

ಮಹಾನವಮಿ ಮುಗಿಸಿ, ಒಳಗೆ ಹಲಗೆಯ ಮೇಲೆ ಚೀಸಿಟ್ಟು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ. ತೆಗೆದದ್ದು ಎರಡೂವರೆ ತಿಂಗಳ ಮೇಲೆ, ಎಳ್ಳಮಾಸಿಯ ಹಿಂದಿನ ದಿನ. ಮಣ್ಣು ಮೆತ್ತಿದ ಹಗೇವು ಒಡೆಯುವುದನ್ನು ನೋಡಿ ಎಷ್ಟೋ ವರ್ಷವಾಗಿದ್ದರಿಂದ ಓಣಿಗೆ ಓಣಿಯೇ ನೆರೆದಿತ್ತು. ಕಲ್ಲು ಸರಿಸಿದ್ದೇ ತಡ, ಒಳಗಿನಿಂದ ಬಂದ ವಾಸನೆಗೆ ಮುಂದಿದ್ದವರು ಹಿಂದಾದರು.

ಗುರಪ್ಪ ಮೂಗಿಗೆ ಧೋತರದ ಚುಂಗು ಒತ್ತಿಕೊಂಡು, "ಒಳಗ ಏನೋ ಸತ್ತೈತಿ. ನಾಯಿನ ಇರಬೇಕು," ಎಂದ.

"ನಾಯಿ ಕಲ್ಲು ಎತ್ತಿ ಒಳಗಿಳದು, ಮ್ಯಾಲ ತಾನ ಮಣ್ಣು ಮೆತ್ತಿಕೊಂಡೈತೇನ್ರಿ ಕಾಕಾ?" ಎಂದು ನಬಿಲಾಲ ಕೇಳಿದ.

ಹಗೇವಿಗೆ ಇಳಿಯುವ ಮೊದಲು ಕಂದೀಲು ಬಿಟ್ಟು ನೋಡುವುದು ರೂಢಿ. ಒಳಗಿನ ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆ. ದೀಪ ಆರಿದಲ್ಲಿ ಮನುಷ್ಯನೂ ಆರುತ್ತಾನೆ. ಕಂದೀಲು ಅರ್ಧಕ್ಕೆ ಹೋಗುವಷ್ಟರಲ್ಲಿ ನಂದಿತು. ಪರಪ್ಪನಿಗೆ ತಡೆಯಲಾಗಲಿಲ್ಲ, ಉಸಿರು ಬಿಗಿಹಿಡಿದು ಹೋಗಿಬರುತ್ತೇನೆಂದು ಕಾಲು ಇಳಿಬಿಟ್ಟ. ರುಕ್ಮವ್ವ ಹಿಂದಿನಿಂದ ಬಂದು ಅಂಗಿಯ ಕಾಲರು ಹಿಡಿದು ಎಳೆದಳು.

"ಈ ಗಬ್ಬಿನ ಸಲುವಾಗಿ ಸಾಯ್ತಿಯೇನೋ? ನನಗ್ಯಾರದಾರ?"

ಬಾಟ್ಲಿ ಒಗೆದ ದಿನದಿಂದ ಅವಳು ಅವನನ್ನು ಮುಟ್ಟಿದ್ದು ಅಂದೇ. ಪರಪ್ಪ ಕಾಲು ಮೇಲೆಳೆದುಕೊಂಡು ಕೂತ. ಗಾಳಿಯಾಡಿ, ಕಂದೀಲು ತಳ ಮುಟ್ಟಿಯೂ ಉರಿದ ಮೇಲೆ ಇಳಿದು, ಚೀಸನ್ನು ಎದೆಗವಚಿಕೊಂಡು ಮೇಲೆ ಬಂದ. ಮೈತುಂಬ ಬಿಳಿ ಬೂಸಲು, ಅಲ್ಲಲ್ಲಿ ನೀಲಿ. ಜನ "ಥೂ" ಎಂದರು. ರುಕ್ಮವ್ವ ಮಾತ್ರ ಬಗ್ಗಿ ಮೂಸಿದಳು. ಮತ್ತೊಮ್ಮೆ ಮೂಸಿದಳು. ಈಳಿಗೆಯ ಮೇಲೆ ಬೂಸಲು ಹೆರೆದು, ಒಂದು ಚೂರು ಕೊಯ್ದು ಬಾಯಿಗೆ ಹಾಕಿಕೊಂಡಳು. ಅಷ್ಟು ಮಂದಿಯ ಎದುರು ಅವಳ ಕಣ್ಣು ತುಂಬಿ ಬಂತು.

"ಹಗೇವಿನ ಗ್ವಾಡಿಗಿ ಹತ್ತಿದ ಜ್ವಾಳಕ್ಕ ಇದ ವಾಸನಿ ಇರ್ತಿತ್ತು," ಎಂದಳು. "ನಾ ಹೊಸದಾಗಿ ಗಂಡನ ಮನಿಗಿ ನಡ್ಯಾಕ ಬಂದಾಗ ನಮ್ಮತ್ತಿ ಛಲೋ ಜ್ವಾಳದ ರೊಟ್ಟಿ ಎಲ್ಲಾರಿಗೂ ಹಾಕಿ, ಆ ಬೂಸಲ ರೊಟ್ಟಿ ನನಗ ಹಾಕ್ತಿದ್ಳು. ನಿಮ್ಮಪ್ಪ ತನ್ನ ತಾಟು ಬಿಟ್ಟು ನನ್ನ ತಾಟಿನಾಗಿಂದು ಮುರಕೊಂಡು ತಿಂತಿದ್ದ. ನನಗ ಈ ವಾಸನಿ ಸೇರ್ತೈತಿ ಅಂತಿದ್ದ."

ಆಮೇಲೆ ಮುದುಕಿ ಮಗನ ಮೇಲೆ ಹರಿಹಾಯ್ದಳು.

"ಕರದ ಹೊಟ್ಟಿ ಕತಿ ಊರೆಲ್ಲ ಸಾರಿದಿ. ಇದರ ರುಚಿ ಹಿಂಗಿರ್ತೈತಿ ಅಂತ ನನಗೊಂದ ಮಾತು ಹೇಳಾಕ ಬಾಯಿ ಇರಲಿಲ್ಲೇನು?"

"ನೀ ಬೂಸಲ ರೊಟ್ಟಿ ತಿಂದಿದ್ದು ನನಗೆಲ್ಲಿ ಗೊತ್ತಿತ್ತಬೇ," ಎಂದು ಪರಪ್ಪ ಸಣ್ಣ ಹುಡುಗನಂತೆ ಅತ್ತ.

"ಅಳಾಕ ಬ್ಯಾರೆ ಬರ್ತೈತಿ. ತಾಟು ತಗೊಂಡು ಒಳಗ ಬಾ."

ಅವನು ಕೊಟ್ಟಿಗೆಗೆ ಓಡಿದ. ನೆರೆದವರಿಗೆ ಒಂದೊಂದು ಚೂರು ಸಿಕ್ಕಿತು. ಸತ್ತ ನಾಯಿಯನ್ನು ಕಂಡಿದ್ದ ಗುರಪ್ಪ, ಉಪ್ಪು ಜಾಸ್ತಿಯಾಗಿದೆ ಎಂದು ದೂರುತ್ತಲೇ ಮೂರನೆಯ ಸಲ ಕೈಚಾಚಿದ. ನಾನು ಮಾತ್ರ ಗೋಡೆಯ ಈಚೆಗೆ ಬಂದು ಅವರ ಅಡುಗೆಮನೆಯ ಕಿಟಕಿಯತ್ತ ನೋಡಿದೆ. ನನಗೆ ಬೇಕಾಗಿದ್ದದ್ದು ಆ ನೋಟ. ರುಕ್ಮವ್ವ ಸಜ್ಜೆ ರೊಟ್ಟಿ ಸುಟ್ಟು ಮಗನ ತಾಟಿಗೆ ಒಗೆದಳು, ಅದರ ಮೇಲೆ ಚೀಸಿನ ಚೂರು ಇಟ್ಟಳು. ಅದು ಕರಗುವುದನ್ನು ಇಬ್ಬರೂ ನೋಡಿದರು. ಆಮೇಲೆ ಅವಳು ಕೈಚಾಚಿ ಅವನ ತಾಟಿನಿಂದಲೇ ಒಂದು ತುಂಡು ಮುರಿದುಕೊಂಡಳು.